ಮಣ್ಣು ನೋಡದೆ ನಕ್ಷೆಗೆ ಸಹಿ ಹಾಕಬೇಡಿ: ಬಡಾವಣೆ ಮಂಜೂರು ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವವರು ನೀವು. ಮನೆ ಕಟ್ಟಲು ಪರವಾನಗಿ ಕೊಡುವವರೂ ನೀವೇ. ರಸ್ತೆ ಎಷ್ಟು ಅಗಲ ಇರಬೇಕು, ಸೈಟಿನ ಸುತ್ತ ಎಷ್ಟು ಜಾಗ ಬಿಡಬೇಕು, ಮನೆ ಎಷ್ಟು ಎತ್ತರ ಹೋಗಬಹುದು, ಪಾರ್ಕಿಗೆ ಎಷ್ಟು ಜಾಗ, ಇವನ್ನೆಲ್ಲ ಟೇಪು ಹಿಡಿದು ನೋಡುತ್ತೀರಿ. ನೋಡಲೇಬೇಕು. ಆದರೆ ಆ ಮನೆ ಎಂಥ ಮಣ್ಣಿನ ಮೇಲೆ ಕೂರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಓದಿದ ಮಂಜೂರಾತಿ ಕಾಗದಗಳಲ್ಲಿ ಮಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ಎಂಜಿನಿಯರ್ ಅಲ್ಲ. ಹೊಸ ಬಡಾವಣೆಯಲ್ಲಿ ವಾಸ ಮಾಡುವ ಒಬ್ಬ ನಿವಾಸಿ. ಅಕ್ಕಪಕ್ಕದ ಮನೆಗಳಲ್ಲಿ ಏನಾಗುತ್ತಿದೆ ಎಂದು ನೋಡುತ್ತಾ ಬಂದಿದ್ದೇನೆ, ಯಾಕೆ ಹೀಗಾಗುತ್ತಿದೆ ಎಂದು ತಿಳಿದವರನ್ನು ಕೇಳಿದ್ದೇನೆ, ಓದಿದ್ದೇನೆ. ಬಡಾವಣೆಯ ಹೆಸರು ಇಲ್ಲಿ ಬೇಡ. ಇದು ಒಂದು ಊರಿನ ದೂರಲ್ಲ, ಮಣ್ಣು ನೋಡದೆ ಸೈಟು ಮಾಡಿದ ಕಡೆಯೆಲ್ಲ ಇದೇ ಕತೆ.

ನಮ್ಮ ಬಡಾವಣೆ ಇಳಿಜಾರಿನ ಮೇಲಿದೆ. ಮೇಲಿನ ಭಾಗದಲ್ಲಿ ಗರಸು ಬೆರೆತ ಕೆಂಪು ಮಣ್ಣು. ಕೆಳಗಿನ ಸಾಲುಗಳಲ್ಲಿ ಕಪ್ಪು ಎರೆ ಮಣ್ಣು. ನಡುವೆ ಒಂದು ಕಡೆ ಹಿಂದೆ ಹೊಂಡ ಇತ್ತಂತೆ, ಅದನ್ನು ಒಡೆದ ಕಟ್ಟಡಗಳ ಇಟ್ಟಿಗೆ, ಗಾರೆ, ಕಸ, ಮಣ್ಣು ಎಲ್ಲ ಸುರಿದು ಮುಚ್ಚಿ, ಮೇಲೆ ಒಂದು ಪದರ ಕೆಂಪು ಮಣ್ಣು ಹರಡಿ ಸೈಟು ಮಾಡಿದ್ದಾರೆ. ಮೇಲಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಎಲ್ಲ ಸೈಟಿಗೂ ಒಂದೇ ನಮೂನೆಯ ಮನೆ ನಕ್ಷೆ, ಒಂದೇ ಆಳದ ಪಾಯ, ಒಂದೇ ಅಳತೆಯ ಸೆಪ್ಟಿಕ್ ಟ್ಯಾಂಕ್, ಒಂದೇ ಅಳತೆಯ ಇಂಗುಗುಂಡಿ. ಅದಕ್ಕೆಲ್ಲ ನಿಮ್ಮ ಸಹಿ ಇದೆ.

ಈಗ ಫಲ ನೋಡಿ. ಮೇಲಿನ ಸಾಲಿನ ಮನೆಗಳು ಗಟ್ಟಿಯಾಗಿ ನಿಂತಿವೆ, ಆದರೆ ಅಲ್ಲಿ ಬಾವಿ ನೀರು ವಾಸನೆ ಬರುತ್ತಿದೆ ಎಂದು ಜನ ಕುಡಿಯುವುದನ್ನು ಬಿಟ್ಟಿದ್ದಾರೆ. ಕೆಳಗಿನ ಸಾಲಿನಲ್ಲಿ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿವೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ, ಬೇಸಿಗೆಯಲ್ಲಿ ಅದೇ ಬಾಗಿಲು ಸಡಿಲ. ಇಂಗುಗುಂಡಿ ತುಂಬಿ ಅಂಗಳದಲ್ಲಿ ನೀರು ನಿಲ್ಲುತ್ತದೆ, ಮಕ್ಕಳು ಅದನ್ನು ದಾಟಿಕೊಂಡು ಶಾಲೆಗೆ ಹೋಗುತ್ತವೆ. ಹೊಂಡ ಮುಚ್ಚಿದ ಜಾಗದಲ್ಲಿ ಒಂದು ಕಾಂಪೌಂಡು ಗೋಡೆ ವಾಲಿದೆ, ನೆಲಹಾಸು ನಡುವೆ ತಗ್ಗಾಗಿದೆ. ಇನ್ನು ಗಿಡಗಳ ವಿಷಯಕ್ಕೆ ಬಂದರೆ, ಮೂರೂ ಕಡೆ ನೆಟ್ಟವು ನೆಟ್ಟ ಹಾಗೇ ಇವೆ, ಎಲೆ ಹಳದಿ.

ದೂರು ಕೊಟ್ಟಾಗ ಬಂದ ಉತ್ತರ ಒಂದೇ: ಕಟ್ಟಿದವರು ಸರಿಯಾಗಿ ಕಟ್ಟಿಲ್ಲ. ಸಿಮೆಂಟು ಕಡಿಮೆ ಹಾಕಿರಬೇಕು, ಕ್ಯೂರಿಂಗ್ ಆಗಿರಲಿಕ್ಕಿಲ್ಲ, ಮೇಸ್ತ್ರಿ ಸರಿ ಇಲ್ಲ. ಕೆಲವು ಮನೆಗಳಲ್ಲಿ ಅದೂ ನಿಜ ಇರಬಹುದು. ಆದರೆ ಅದೇ ಮೇಸ್ತ್ರಿ, ಅದೇ ಸಿಮೆಂಟು, ಅದೇ ನಕ್ಷೆ, ಮೇಲಿನ ಸಾಲಿನಲ್ಲಿ ಬಿರುಕಿಲ್ಲ, ಕೆಳಗಿನ ಸಾಲಿನಲ್ಲಿ ಇದೆ. ಹಾಗಾದರೆ ಬದಲಾಗಿರುವುದು ಮಣ್ಣು ಮಾತ್ರ ಅಲ್ವಾ?

ಎರೆ ಮಣ್ಣಿನ ಗುಣ ರೈತರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಅದರೊಳಗಿನ ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ಅದರಲ್ಲೂ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹಾಳೆ ಹಾಳೆಯಾಗಿ ಜೋಡಿಸಿಕೊಂಡಿರುತ್ತದೆ. ನೀರು ಆ ಹಾಳೆಗಳ ನಡುವೆಯೇ ಹೊಕ್ಕು ಅವನ್ನು ದೂರ ತಳ್ಳುತ್ತದೆ. ಈ ಖನಿಜದ ಒಂದು ಗ್ರಾಂ ತೆಗೆದುಕೊಂಡರೆ ಅದರ ಒಟ್ಟು ಮೇಲ್ಮೈ 600ರಿಂದ 800 ಚದರ ಮೀಟರ್. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ ಕೆಯೊಲಿನೈಟ್ ಜೇಡಿಗೆ ಅದು 10ರಿಂದ 20 ಚದರ ಮೀಟರ್ ಅಷ್ಟೇ. ನೀರು ಹಿಡಿಯುವುದರಲ್ಲಿ, ಉಬ್ಬುವುದರಲ್ಲಿ ಇವೆರಡರ ನಡುವೆ ಇರುವ ಅಂತರಕ್ಕೆ ಇದೇ ಕಾರಣ.

ಉಬ್ಬುವ ಮಣ್ಣು ಮನೆಯನ್ನು ಮೇಲಕ್ಕೆತ್ತುತ್ತದೆ. ಎಲ್ಲ ಕಡೆ ಸಮವಾಗಿ ಎತ್ತಿದರೆ ತೊಂದರೆ ಅಷ್ಟಿರುತ್ತಿರಲಿಲ್ಲ. ಆದರೆ ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅಂಚಿನ ಮಣ್ಣು ಮಾತ್ರ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಗೋಡೆ ನಡುವೆ ಒಂದು ಕಡೆ, ಅಂಚಿಗೆ ಇನ್ನೊಂದು ಕಡೆ ಎಳೆದಂತಾಗಿ ದುರ್ಬಲ ಜಾಗದಲ್ಲಿ, ಅಂದರೆ ಬಾಗಿಲು ಕಿಟಕಿಯ ಮೂಲೆಯಲ್ಲಿ, ಸೀಳುತ್ತದೆ. ಇನ್ನೊಂದು ವಿಷಯ ಜನರಿಗೆ ನಂಬಲು ಕಷ್ಟವಾಗುತ್ತದೆ: ಈ ಮಣ್ಣಿನಲ್ಲಿ ದೊಡ್ಡ ಭಾರದ ಕಟ್ಟಡಕ್ಕಿಂತ ಒಂದು ಅಂತಸ್ತಿನ ಸಣ್ಣ ಮನೆಗೇ ಅಪಾಯ ಜಾಸ್ತಿ. ಉಬ್ಬುವ ಒತ್ತಡವನ್ನು ತಡೆಯುವಷ್ಟು ಭಾರ ಅದಕ್ಕಿರುವುದಿಲ್ಲ. ಅಂದರೆ ಮಣ್ಣು ಪರೀಕ್ಷೆ ಮಾಡಿಸಲು ದುಡ್ಡಿಲ್ಲದ ಸಣ್ಣ ಮನೆಯವರಿಗೇ ಮೊದಲ ಪೆಟ್ಟು. ಬಹುಮಹಡಿ ಕಟ್ಟಡಕ್ಕೆ ನೀವು ಮಣ್ಣಿನ ವರದಿ ಕೇಳುತ್ತೀರಿ, ಸಣ್ಣ ಮನೆಗೆ ಕೇಳುವುದಿಲ್ಲ. ಇದು ತಲೆಕೆಳಗಾದ ಕ್ರಮ ಎಂದು ನನಗನ್ನಿಸುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. 1973ರಲ್ಲೇ ಅಮೆರಿಕದ ಇಬ್ಬರು ಎಂಜಿನಿಯರುಗಳು ಲೆಕ್ಕ ಹಾಕಿ, ಅವರ ದೇಶದಲ್ಲಿ ಪ್ರವಾಹ, ಚಂಡಮಾರುತ, ಭೂಕಂಪ ಎಲ್ಲ ಸೇರಿ ಮಾಡುವ ನಷ್ಟಕ್ಕಿಂತ ಉಬ್ಬುವ ಮಣ್ಣು ಮಾಡುವ ನಷ್ಟ ಜಾಸ್ತಿ ಎಂದು ಬರೆದಿದ್ದರು. ಯಾರೂ ಸಾಯುವುದಿಲ್ಲ, ಸುದ್ದಿಯಾಗುವುದಿಲ್ಲ, ನಿಧಾನವಾಗಿ ಮನೆ ಹಾಳಾಗುತ್ತದೆ. ಪರಿಹಾರ ಕೂಡ ಗೊತ್ತಿರುವುದೇ. ಪಾಯವನ್ನು ತೇವ ಏರಿಳಿಯುವ ಪದರದ ಕೆಳಗೆ ಇಳಿಸಬೇಕು. ತಳದಲ್ಲಿ ಬಲ್ಬಿನಂತೆ ಉಬ್ಬಿ ಅಗಲವಾಗಿರುವ, ನೆಲದೊಳಗೆ ಇಳಿಸುವ ಕಂಬದ, ಅಂದರೆ ಅಂಡರ್‌ರೀಮ್ಡ್ ಪೈಲ್ ಎಂಬ ವಿಧಾನವನ್ನು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿತು. ಸಾಮಾನ್ಯವಾಗಿ ಇದನ್ನು 3.5 ಮೀಟರ್ ತನಕ ಇಳಿಸುತ್ತಾರೆ. ಅದಾಗದಿದ್ದರೆ ಪಾಯದ ಕೆಳಗಿನ ಎರೆ ತೆಗೆದು ಉಬ್ಬದ ಮಣ್ಣು ತುಂಬಿ ಗಟ್ಟಿ ಮಾಡಬಹುದು, ಸುಣ್ಣ ಬೆರೆಸಿ ಉಬ್ಬುವ ಗುಣ ತಗ್ಗಿಸಬಹುದು, ಮನೆಯ ಸುತ್ತ ಏಪ್ರನ್, ಅಂದರೆ ನೀರಿಳಿಯದ ಅಗಲವಾದ ನೆಲಪಟ್ಟಿ ಹಾಕಿ ಅಂಚಿನ ತೇವವನ್ನು ಹಿಡಿತದಲ್ಲಿಡಬಹುದು. ಕಟ್ಟುವ ಮೊದಲು ಮಾಡಿದರೆ ಇದು ಸಣ್ಣ ಕೆಲಸ. ಕಟ್ಟಿದ ಮೇಲೆ ಪಾಯ ಬಿಚ್ಚಿ ಮಾಡುವುದು ಬಹಳ ಕಷ್ಟ.

ಮೇಲಿನ ಪದರ ನೋಡಿ ನೆಲ ಗಟ್ಟಿ ಇದೆ ಎಂದು ನಂಬುವುದು ಎಂಥ ಅಪಾಯ ಅನ್ನುವುದಕ್ಕೆ ಕೆನಡಾದ ಟ್ರಾನ್ಸ್‌ಕೋನಾದ ಧಾನ್ಯದ ಗೋದಾಮು ಸಾಕ್ಷಿ. 1913ರ ಅಕ್ಟೋಬರಿನಲ್ಲಿ ಅದಕ್ಕೆ ಗೋಧಿ ತುಂಬುತ್ತಿದ್ದಾಗ ಇಡೀ ಕಾಂಕ್ರೀಟ್ ಕಟ್ಟಡ ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿ ನಿಂತಿತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ. ಕಟ್ಟುವ ಮೊದಲು ಮಣ್ಣಿನ ಪರೀಕ್ಷೆಯನ್ನೂ ಮಾಡಿದ್ದರು, ಆದರೆ ಮೇಲಿನ ಗಟ್ಟಿ ಜೇಡಿಯಲ್ಲಿ ಮಾತ್ರ. ಅದರ ಕೆಳಗೆ ಮೆದು ಜೇಡಿ ಇತ್ತು. ಪೀಸಾದ ಗೋಪುರದ ಕಾರಣವೂ ಕೆಳಗಿನ ಮೆದು ಜೇಡಿಯೇ. 1173ರಲ್ಲಿ ಕೆಲಸ ಶುರುವಾಯಿತು, ಮೂರನೇ ಅಂತಸ್ತು ಏರುವಷ್ಟರಲ್ಲೇ ವಾಲತೊಡಗಿತು. ಅದನ್ನು ಉಳಿಸಲು 1990ರಲ್ಲಿ ಬಾಗಿಲು ಹಾಕಿ, ಎತ್ತರದ ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ಮಣ್ಣು ತೆಗೆದು ಹಿಂದಕ್ಕೆ ವಾಲಿಸಿದರು. 2001ರಲ್ಲಿ ಮತ್ತೆ ತೆರೆದರು. ಗೋಪುರವೆಂದು ಜಗತ್ತೆಲ್ಲ ಸೇರಿ ಕಾಪಾಡಿತು. ನಮ್ಮ ಮನೆಗಳಿಗೆ ಯಾರು ಬರುತ್ತಾರೆ?

ತುಂಬಿದ ನೆಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದೂ ನಡೆಯುತ್ತಿರುವ ತಪ್ಪು. ಮಣ್ಣು ತುಂಬುವುದಾದರೆ ತೆಳು ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ಸರಿಯಾದಷ್ಟು ತೇವ ಇಟ್ಟು, ರೋಲರ್ ಓಡಿಸಬೇಕು. ತೇವ ಕಡಿಮೆಯಾದರೂ ಸರಿ, ಜಾಸ್ತಿಯಾದರೂ ಸರಿ, ಮಣ್ಣು ಪೂರ್ತಿ ಗಟ್ಟಿಯಾಗುವುದಿಲ್ಲ. ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್ ಇದನ್ನು 1933ರಲ್ಲೇ ತೋರಿಸಿಕೊಟ್ಟರು, ಅವರ ಹೆಸರಿನ ಪರೀಕ್ಷೆ ಇವತ್ತಿಗೂ ಎಲ್ಲ ರಸ್ತೆ ಕೆಲಸದಲ್ಲಿ ನಡೆಯುತ್ತದೆ. ರಸ್ತೆಗೆ ಬೇಕಾದ ಪರೀಕ್ಷೆ ಮನೆಗೆ ಬೇಡವೇ? ಲಾರಿಯಲ್ಲಿ ತಂದು ಸುರಿದ ಕಸದ ಜೊತೆ ಮರದ ತುಂಡು, ಎಲೆ, ಚೀಲ ಎಲ್ಲ ಇರುತ್ತವೆ. ಕೊಳೆಯುವುದು ಕೊಳೆತು ಜಾಗ ಖಾಲಿಯಾಗುತ್ತದೆ, ಮೇಲಿನದು ಕುಸಿಯುತ್ತದೆ.

ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಇದು ಒಬ್ಬರ ಮನೆಯಲ್ಲಿ ನಿಲ್ಲುವ ತೊಂದರೆ ಅಲ್ಲ.

ಸೆಪ್ಟಿಕ್ ಟ್ಯಾಂಕ್ ಕೊಳೆನೀರನ್ನು ಶುದ್ಧ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಮಾಡುವುದು ಅರ್ಧ ಕೆಲಸ ಮಾತ್ರ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಆ ನೀರಿನಲ್ಲಿ ರೋಗಾಣುಗಳು ಹಾಗೇ ಇರುತ್ತವೆ. ಉಳಿದರ್ಧ ಕೆಲಸ ಮಾಡುವುದು ಮಣ್ಣು. ನೀರು ನಿಧಾನವಾಗಿ ಇಳಿಯುವಾಗ ಮಣ್ಣು ಸೋಸುತ್ತದೆ, ಜೇಡಿಯ ಕಣಗಳು ವೈರಸ್ಸುಗಳನ್ನು ಹಿಡಿದುಕೊಳ್ಳುತ್ತವೆ, ಮಣ್ಣಿನೊಳಗಿನ ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿನ್ನುತ್ತವೆ. ಇದಕ್ಕೆ ಇಂಗುಗುಂಡಿಯ ತಳದಿಂದ ಅಂತರ್ಜಲದ ತನಕ ಕಡಿಮೆಯೆಂದರೂ 0.6ರಿಂದ 1.2 ಮೀಟರ್ ಒಣ ಮಣ್ಣು ಇರಬೇಕು. ಒಣ ಎಂದರೆ ಗಾಳಿಯಾಡುವ ಮಣ್ಣು. ನೀರು ನಿಂತ ಮಣ್ಣಿನಲ್ಲಿ ಈ ಕೆಲಸ ನಡೆಯುವುದಿಲ್ಲ.

ಮಣ್ಣಿನಲ್ಲಿ ನೀರು ಹರಿಯುವ ವೇಗದ ಲೆಕ್ಕವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲೇ ಕೊಟ್ಟಿದ್ದಾರೆ. ಒರಟು ಮರಳಿನಲ್ಲಿ ನೀರು ದಿನಕ್ಕೆ ಹಲವು ಮೀಟರ್ ಹೋಗಬಲ್ಲದು. ಬಿಗಿಯಾದ ಜೇಡಿಯಲ್ಲಿ ಇಡೀ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಇಷ್ಟು ವ್ಯತ್ಯಾಸ ಇರುವ ಮಣ್ಣುಗಳಿಗೆಲ್ಲ ಒಂದೇ ಅಳತೆಯ ಇಂಗುಗುಂಡಿ ಹೇಗೆ ಸರಿಹೋಗುತ್ತದೆ ಹೇಳಿ. ನಮ್ಮ ಕೆಳಗಿನ ಸಾಲಿನಲ್ಲಿ ನೀರು ಇಂಗುವುದೇ ಇಲ್ಲ, ಅದಕ್ಕೇ ಅಂಗಳಕ್ಕೆ ಬರುತ್ತದೆ. ಮೇಲಿನ ಸಾಲಿನಲ್ಲಿ ತುಂಬ ಬೇಗ ಇಂಗುತ್ತದೆ, ಮಣ್ಣಿಗೆ ಸೋಸಲು ಸಮಯವೇ ಸಿಗುವುದಿಲ್ಲ, ಅದಕ್ಕೇ ಬಾವಿ ಕೆಟ್ಟಿದೆ. ಮೇಲಿನವರು ತಮ್ಮ ಇಂಗುಗುಂಡಿ ಒಂದು ದಿನವೂ ತುಂಬಿಲ್ಲ ಎಂದು ಖುಷಿಯಾಗಿದ್ದರು. ತುಂಬದೇ ಇರುವುದೇ ಅಲ್ಲಿ ಅಪಾಯದ ಗುರುತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ನೀರು ಇಂಗುವ ಪರೀಕ್ಷೆ 1920ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ಶುರುವಾಗಿದ್ದು. ಇಂಗುಗುಂಡಿ ಬರುವ ಜಾಗದಲ್ಲಿ ಅದೇ ಆಳಕ್ಕೆ ಸಣ್ಣ ಗುಂಡಿ ತೋಡಬೇಕು. ಮೊದಲು ನೀರು ತುಂಬಿಸಿ ಮಣ್ಣನ್ನು ಚೆನ್ನಾಗಿ ನೆನೆಯಲು ಬಿಡಬೇಕು. ಒಣ ಎರೆ ಬಿರುಕುಗಳಲ್ಲಿ ನೀರು ಸರ್ರನೆ ಇಳಿದು ಮೋಸ ಮಾಡುತ್ತದೆ, ಉಬ್ಬಿದ ಮೇಲೆಯೇ ಅದರ ನಿಜ ಗುಣ ಕಾಣುವುದು. ಆಮೇಲೆ ಮತ್ತೆ ನೀರು ಹಾಕಿ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂದು ನೋಡುವುದು. 30 ನಿಮಿಷಕ್ಕಿಂತ ಜಾಸ್ತಿಯಾದರೆ ಇಂಗುಗುಂಡಿ ಆಗದು, ಉದ್ದನೆಯ ಇಂಗುಕಾಲುವೆ ಬೇಕು. 60 ನಿಮಿಷ ದಾಟಿದರೆ ಅದೂ ಆಗದು ಎಂದು ಕೈಪಿಡಿಗಳು ಹೇಳುತ್ತವೆ. ಆಗ ನೆಲದ ಮೇಲೆ ಮರಳಿನ ದಿಬ್ಬ ಮಾಡಿ ಅದರಲ್ಲಿ ಸೋಸಬೇಕು, ಇಲ್ಲವೇ ಇಡೀ ಸಾಲಿಗೆ ಸೇರಿ ಒಂದು ಶುದ್ಧೀಕರಣ ಘಟಕ ಮಾಡಬೇಕು. ಒಂದು ಹಾರೆ, ಒಂದು ಸ್ಕೇಲು, ಒಂದು ಗಡಿಯಾರ, ಇಷ್ಟರಲ್ಲಿ ಆಗುವ ಕೆಲಸ ಇದು. ಇಷ್ಟನ್ನೂ ಮಾಡದೆ ಕಾಗದದ ಮೇಲೆ ಗುಂಡಿ ಬರೆದು ಸಹಿ ಹಾಕುತ್ತೀರಿ ಅನ್ನುವುದೇ ನನ್ನ ಮುಖ್ಯ ದೂರು.

ಮಳೆಗಾಲದ ನೀರಿನ ಮಟ್ಟ ಇನ್ನೊಂದು. ಬೇಸಿಗೆಯಲ್ಲಿ ಬಂದು ಗುಂಡಿ ತೋಡಿ ನೋಡಿದರೆ ಒಣಗಿರುತ್ತದೆ. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮೊಣಕಾಲಿನ ಆಳಕ್ಕೇ ನೀರು. ಆಗ ಇಂಗುಗುಂಡಿ ನೇರವಾಗಿ ಅಂತರ್ಜಲದೊಳಗೇ ಕೂತಿರುತ್ತದೆ. ಹಗುರವಾದ ಟ್ಯಾಂಕನ್ನು ಆ ಸಮಯದಲ್ಲಿ ಖಾಲಿ ಮಾಡಿಸಿದರೆ ಸುತ್ತಲಿನ ನೀರು ಅದನ್ನು ಮೇಲೆತ್ತಿ ಪೈಪು ಕಿತ್ತುಹಾಕುವುದೂ ಉಂಟು. ಮಣ್ಣು ಅಗೆದಾಗ ಕಂದು ಬಣ್ಣದ ನಡುವೆ ಬೂದು ಮಚ್ಚೆಗಳು ಕಂಡರೆ ಅಲ್ಲಿ ವರ್ಷದಲ್ಲಿ ಬಹಳ ದಿನ ನೀರು ನಿಲ್ಲುತ್ತದೆ ಎಂದು ಅರ್ಥ. ಗಾಳಿ ಸಿಗದೆ ಮಣ್ಣಿನ ಕಬ್ಬಿಣ ಬಣ್ಣ ಕಳೆದುಕೊಂಡಿರುತ್ತದೆ. ಬೇಸಿಗೆಯಲ್ಲಿ ಬಂದ ಅಧಿಕಾರಿಗೂ ಈ ಮಚ್ಚೆ ಮಳೆಗಾಲದ ಮಟ್ಟವನ್ನು ತೋರಿಸಿಕೊಡುತ್ತದೆ. ಗುಂಡಿಯೊಳಗೆ ಬಗ್ಗಿ ನೋಡಬೇಕು ಅಷ್ಟೇ.

ಬಾವಿ ಕೆಡುವುದೆಂದರೆ ಬರೀ ವಾಸನೆಯ ಮಾತಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದು ನೂರಾರು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಒಂದು ಪಂಪಿನ ನೀರೇ ಕಾರಣ ಎಂದು ತೋರಿಸಿದ್ದು ಬಹಳ ಜನಕ್ಕೆ ಗೊತ್ತು. ಆಮೇಲೆ ಅಗೆದು ನೋಡಿದಾಗ, ಆ ಬಾವಿಯಿಂದ ಸುಮಾರು ಮೂರಡಿ ದೂರದಲ್ಲಿ ಒಂದು ಮನೆಯ ಮಲದ ಗುಂಡಿ ಇತ್ತು, ಅದರ ಇಟ್ಟಿಗೆ ಶಿಥಿಲವಾಗಿ ಕೊಳೆ ಮಣ್ಣಿನ ಮೂಲಕ ಬಾವಿಗೆ ಸೋರುತ್ತಿತ್ತು. ಇನ್ನು ಕೊಳೆನೀರಿನಿಂದ ಬರುವ ನೈಟ್ರೇಟ್ ಎಂಬ ಲವಣ. ಅದನ್ನು ಮಣ್ಣು ಹಿಡಿದಿಡುವುದೇ ಇಲ್ಲ. ಜೇಡಿಯ ಕಣಕ್ಕೂ ಋಣ ವಿದ್ಯುತ್ತು, ನೈಟ್ರೇಟಿಗೂ ಋಣ, ಒಂದನ್ನೊಂದು ದೂರ ತಳ್ಳುತ್ತವೆ, ಹಾಗಾಗಿ ಅದು ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಬಾವಿ ನೀರಿನ ನೈಟ್ರೇಟಿನಿಂದ ಎಳೆ ಕೂಸುಗಳು ನೀಲಿಗಟ್ಟುವುದನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ವರದಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 50 ಮಿಲಿಗ್ರಾಂ ಮಿತಿ ಇಟ್ಟಿರುವುದು ಈ ಕಾರಣಕ್ಕೇ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಜಾಸ್ತಿಯಾಗುತ್ತದೆ. ಸಣ್ಣ ಸಣ್ಣ ಸೈಟುಗಳನ್ನು ಒತ್ತೊತ್ತಾಗಿ ಮಾಡಿ, ಪ್ರತಿಯೊಂದರಲ್ಲೂ ಒಂದು ಬಾವಿ ಒಂದು ಇಂಗುಗುಂಡಿ ಇಡಲು ಬಿಟ್ಟರೆ, ಒಬ್ಬರ ಗುಂಡಿಯಿಂದ ಇನ್ನೊಬ್ಬರ ಬಾವಿಗೆ ಸರಿಯಾದ ದೂರ ಸಿಗುವುದಾದರೂ ಎಲ್ಲಿ?

ಗಿಡಗಳ ಮಾತು ಕೇಳಿದರೆ ಇದೇನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಬಡಾವಣೆ ಮಾಡುವಾಗ ಬುಲ್ಡೋಜರ್ ಮೊದಲು ಕೆರೆದು ಹಾಕುವುದು ಮೇಲ್ಮಣ್ಣನ್ನು. 15ರಿಂದ 30 ಸೆಂಟಿಮೀಟರ್ ಇರುವ ಆ ಪದರದಲ್ಲೇ ಗೊಬ್ಬರದ ಅಂಶ, ಎರೆಹುಳು, ಸೂಕ್ಷ್ಮಜೀವಿ ಎಲ್ಲ ಇರುವುದು. ಒಂದು ಸೆಂಟಿಮೀಟರ್ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ನಮ್ಮಲ್ಲಿ ಅದನ್ನು ಲಾರಿಗೆ ತುಂಬಿ ಮಾರಿದ್ದನ್ನು ಹಳಬರು ನೋಡಿದ್ದಾರೆ. ಉಳಿದ ಕೆಳಮಣ್ಣಿನ ಮೇಲೆ ಭಾರದ ವಾಹನ ಓಡಿಸಿ, ಗಾರೆ ಕಲಸಿ, ಉಳಿದ ಸಿಮೆಂಟು ಇಟ್ಟಿಗೆಚೂರು ಎಲ್ಲ ಅಲ್ಲೇ ಹೂತು ಹೋಗುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ. ಕ್ಷಾರ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಅದಕ್ಕೇ. ಜನ ಗೊಬ್ಬರ ಸುರಿಯುತ್ತಾರೆ, ನೀರು ಸುರಿಯುತ್ತಾರೆ, ಗಿಡ ಮೇಲೇಳುವುದಿಲ್ಲ.

ಮತ್ತೆ ಇಲ್ಲೊಂದು ಮಾತಿದೆ, ನಿಮ್ಮ ಇಲಾಖೆಗಳು ಇದನ್ನು ದಯವಿಟ್ಟು ಒಟ್ಟಿಗೆ ಕೂತು ಓದಬೇಕು. ಪಾಯಕ್ಕೆ ಬೇಕಾದ ಮಣ್ಣು ಒತ್ತಿ ಗಟ್ಟಿ ಮಾಡಿದ್ದು. ಇಂಗುಗುಂಡಿಗೆ ಬೇಕಾದ್ದು ಒತ್ತದೇ ಬಿಟ್ಟ, ರಂಧ್ರಗಳಿರುವ ಮಣ್ಣು. ಗಿಡಕ್ಕೆ ಬೇಕಾದ್ದು ಸಡಿಲವಾದ, ಜೀವ ಇರುವ ಮಣ್ಣು. ಮೂರೂ ಒಂದೇ ಸಣ್ಣ ಸೈಟಿನೊಳಗೆ ಆಗಬೇಕು. ಇಡೀ ಸೈಟಿನ ಮೇಲೆ ಜೆಸಿಬಿ ಓಡಿಸಿ ಸಮ ಮಾಡಿದರೆ ಪಾಯ ಬರುವ ಜಾಗಕ್ಕೆ ಲಾಭವಾಗಬಹುದು, ಉಳಿದೆರಡು ಹಾಳು. ಇಂಗುಗುಂಡಿಯನ್ನು ಮನೆಗೆ ಒತ್ತಿಕೊಂಡು ಮಾಡಿದರೆ ಎರೆ ಮಣ್ಣು ವರ್ಷಪೂರ್ತಿ ಒಂದೇ ಕಡೆ ಉಬ್ಬಿ ಆ ಗೋಡೆಯನ್ನು ಎತ್ತುತ್ತದೆ. ಗೋಡೆಗೆ ಅಂಟಿಕೊಂಡಂತೆ ಹೂವಿನ ಪಾತಿ ಮಾಡಿ ದಿನಾ ನೀರು ಬಿಟ್ಟರೂ ಹಾಗೇ. ದೊಡ್ಡ ಮರ ಹತ್ತಿರ ಇದ್ದರೆ ಅದರ ಬೇರು ತೇವ ಹೀರಿ ಜೇಡಿ ಕುಗ್ಗುತ್ತದೆ. 1976ರ ಬರಗಾಲದಲ್ಲಿ ಇಂಗ್ಲೆಂಡಿನ ಜೇಡಿ ನೆಲದ ಎಷ್ಟೋ ಮನೆಗಳು ಹೀಗೇ ಬಿರುಕು ಬಿಟ್ಟವು. ಹಾಗೆಂದು ಹಳೆಯ ಮರ ಕಡಿದರೆ ಮಣ್ಣು ಮತ್ತೆ ನೀರು ಕುಡಿದು ಉಬ್ಬುತ್ತದೆ, ಕೆಲವು ಸಲ ಅದರಿಂದಲೇ ಹಾನಿ ಜಾಸ್ತಿ. ಹಾಗಾಗಿ ಮರ ಎಲ್ಲಿರಬೇಕು ಅನ್ನುವುದೂ ಪಾಯದ ನಕ್ಷೆಯಲ್ಲೇ ಬರಬೇಕಾದ ವಿಷಯ. ಕಟ್ಟಡದವರು ಕಟ್ಟಡ ನೋಡುತ್ತಾರೆ, ಆರೋಗ್ಯದವರು ಚರಂಡಿ ನೋಡುತ್ತಾರೆ, ತೋಟದವರು ಪಾರ್ಕು ನೋಡುತ್ತಾರೆ, ಮೂವರ ಕಾಲ ಕೆಳಗೂ ಒಂದೇ ಮಣ್ಣಿದೆ.

ಎರೆ ಮಣ್ಣು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಗೊಬ್ಬರವನ್ನೂ ತೇವವನ್ನೂ ಹಿಡಿದಿಡುವ ಬಂಗಾರದಂಥ ಮಣ್ಣು, ಬೆಳೆಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮರಳು ನೆಲದಲ್ಲಿ ಪಾಯ ಸುಲಭ, ಗೊಬ್ಬರ ನಿಲ್ಲುವುದಿಲ್ಲ. ಅದೇ ಸಡಿಲ ಮರಳಿನಲ್ಲಿ ಅಂತರ್ಜಲ ಮೇಲೇ ಇದ್ದು ಭೂಕಂಪ ಬಂದರೆ ನೆಲ ಗಂಜಿಯಂತಾಗುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ಅಪಾರ್ಟ್‌ಮೆಂಟ್ ಕಟ್ಟಡಗಳು ಒಡೆಯದೆ ಇಡಿಯಾಗಿ ಮಲಗಿದ್ದು ಹೀಗೆ. ಚೌಳು ನೆಲದಲ್ಲಿ ಲವಣ ಕಾಂಕ್ರೀಟನ್ನೂ ಅದರೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಯಾವ ಮಣ್ಣಿನಲ್ಲೂ ಮನೆ ಕಟ್ಟಬಹುದು, ಆದರೆ ಯಾವುದೆಂದು ಮೊದಲು ಗೊತ್ತಿರಬೇಕು. ಸೈಟು ತೆಗೆದುಕೊಳ್ಳುವವರಿಗೆ ದಿಕ್ಕು, ರಸ್ತೆ, ಬೆಲೆ ಎಲ್ಲ ಗೊತ್ತಿರುತ್ತದೆ, ಇದೊಂದು ಗೊತ್ತಿರುವುದಿಲ್ಲ. ಒಬ್ಬೊಬ್ಬರೇ ಅಗೆದು ತಿಳಿಯಲಿ ಎಂದು ಬಿಡುವುದು ಸರಿಯಲ್ಲ. ಸೈಟು ಕೊಳ್ಳುವ ಮೊದಲು ಇನ್ನೊಬ್ಬರ ನೆಲದಲ್ಲಿ ಗುಂಡಿ ತೋಡಲು ಯಾರು ಬಿಡುತ್ತಾರೆ? ಆ ಅಧಿಕಾರ ಇರುವುದು ನಿಮಗೆ.

ಆದ್ದರಿಂದ ನನ್ನ ಕೋರಿಕೆ ಇದು. ಬಡಾವಣೆಯ ನಕ್ಷೆ ಒಪ್ಪುವ ಮೊದಲು ಮಣ್ಣು ಬದಲಾಗುವ ಪ್ರತಿ ಭಾಗದಲ್ಲೂ ಪರೀಕ್ಷಾ ಗುಂಡಿ ತೋಡಿಸಿ. ಮೇಲಿನ ಒಂದೆರಡು ಅಡಿ ಸಾಲದು, ಪಾಯದ ಭಾರ ತಲುಪುವ ಆಳದ ತನಕ ನೋಡಬೇಕು. ಪ್ರತಿ ಪದರದ ಮಣ್ಣು ಯಾವುದು, ಎಷ್ಟು ಉಬ್ಬುತ್ತದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ, ಲವಣ ಎಷ್ಟಿದೆ ಎಂದು ಬರೆಸಿ. ಆ ವರದಿಯನ್ನು ನಿಮ್ಮ ಕಪಾಟಿನಲ್ಲಿ ಇಡಬೇಡಿ. ಸೈಟಿನ ನಂಬರಿನ ಜೊತೆ ಅದು ಕೊಳ್ಳುವವರ ಕೈಗೆ ಸಿಗಬೇಕು, ಸುಮ್ನೆ ಎಂಜಿನಿಯರ್ ಭಾಷೆಯಲ್ಲಿ ಅಲ್ಲ, ಓದಿದರೆ ಅರ್ಥವಾಗುವ ಕನ್ನಡದಲ್ಲಿ. ಹಿಂದೆ ಕೆರೆ, ಹೊಂಡ, ಕಲ್ಲುಗಣಿ, ಕಸದ ಗುಂಡಿ ಇದ್ದ ಜಾಗಗಳನ್ನು ನಕ್ಷೆಯಲ್ಲೇ ಬಣ್ಣ ಹಾಕಿ ತೋರಿಸಬೇಕು. ತುಂಬಿದ ನೆಲಕ್ಕೆ ಒತ್ತುವಿಕೆಯ ಪರೀಕ್ಷೆ ಆಗದ ಹೊರತು ಅಲ್ಲಿ ಮನೆಗೆ ಪರವಾನಗಿ ಬೇಡ.

ನೀರು ಇಂಗುವ ಪರೀಕ್ಷೆಯ ಫಲ ಇಲ್ಲದೆ ಸೆಪ್ಟಿಕ್ ಟ್ಯಾಂಕಿನ ನಕ್ಷೆಗೆ ಒಪ್ಪಿಗೆ ಕೊಡಬೇಡಿ. ಮಣ್ಣು ಕೊಳೆನೀರನ್ನು ತಾಳದ ಕಡೆ ಒಂದೊಂದು ಸೈಟಿಗೂ ಗುಂಡಿ ಮಾಡಿಸುವುದು ಬಿಟ್ಟು, ಬಡಾವಣೆ ಮಾಡುವವರಿಂದಲೇ ಒಟ್ಟಿಗೆ ಶುದ್ಧೀಕರಣದ ವ್ಯವಸ್ಥೆ ಮಾಡಿಸಿ. ಈಗಾಗಲೇ ಜನ ಇರುವ ಕಡೆ ಬಾವಿ ಮತ್ತು ಬೋರ್‌ವೆಲ್ ನೀರನ್ನು ರೋಗಾಣು ಮತ್ತು ನೈಟ್ರೇಟಿಗಾಗಿ ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷಿಸಿ ಫಲವನ್ನು ಬೀದಿಯ ಫಲಕದಲ್ಲಿ ಹಾಕಿ. ಇದಕ್ಕೆ ಕಾಯುವುದು ಬೇಡ, ಮೊದಲು ಇದನ್ನೇ ಶುರು ಮಾಡಿ.

ಮೇಲ್ಮಣ್ಣನ್ನು ಬೇರೆಯಾಗಿ ಗುಡ್ಡೆ ಹಾಕಿಸಿ, ಕೆಲಸ ಮುಗಿದ ಮೇಲೆ ಅಲ್ಲಿಗೇ ಹರಡಿಸಿ. ಅದನ್ನು ಹೊರಗೆ ಸಾಗಿಸಿ ಮಾರುವುದನ್ನು ಮಂಜೂರಾತಿಯ ಷರತ್ತಿನಲ್ಲೇ ನಿಲ್ಲಿಸಿ. ಇಂಗುಗುಂಡಿ ಮತ್ತು ಗಿಡಗಳಿಗೆ ಮೀಸಲಾದ ಜಾಗಕ್ಕೆ ಕಟ್ಟುವಾಗ ಹಗ್ಗ ಕಟ್ಟಿಸಿ, ಅಲ್ಲಿ ಲಾರಿ ನಿಲ್ಲಬಾರದು, ಗಾರೆ ಕಲಸಬಾರದು.

ಈಗ ಬಿರುಕು ಬಿಟ್ಟ ಮನೆಗಳಲ್ಲಿ ಇರುವವರನ್ನು ಮರೆಯಬೇಡಿ. ಮಣ್ಣು ತಿಳಿದ ಎಂಜಿನಿಯರನ್ನು ಕಳಿಸಿ, ಪ್ರತಿ ಮನೆಗೂ ಏನು ಮಾಡಿದರೆ ಉಳಿಯುತ್ತದೆ ಎಂದು ಲಿಖಿತವಾಗಿ ಹೇಳಿಸಿ. ಬಹಳಷ್ಟು ಮನೆಗಳಿಗೆ ನೀರು ದೂರ ಹರಿಸುವುದು, ಸೋರುವ ಪೈಪು ಸರಿ ಮಾಡುವುದು, ಏಪ್ರನ್ ಹಾಕುವುದು, ಇಂಗುಗುಂಡಿಯನ್ನು ದೂರಕ್ಕೆ ಸರಿಸುವುದು, ಇಷ್ಟರಲ್ಲೇ ಸಾಕಷ್ಟು ಸುಧಾರಿಸಬಹುದು. ಯಾರೂ ಹೇಳದೇ ಇರುವುದರಿಂದ ಜನ ಪ್ರತಿ ವರ್ಷ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುತ್ತಿದ್ದಾರೆ, ಮರುವರ್ಷ ಅದೇ ಗೆರೆಯಲ್ಲಿ ಮತ್ತೆ ಬಿಡುತ್ತದೆ.

ಖರ್ಚು ಜಾಸ್ತಿ, ಸಿಬ್ಬಂದಿ ಇಲ್ಲ ಎಂದು ನೀವು ಹೇಳಬಹುದು. ಪರೀಕ್ಷೆಯ ಖರ್ಚನ್ನು ಸೈಟು ಮಾಡಿ ಮಾರುವವರಿಂದ ವಸೂಲು ಮಾಡಿ, ಒಂದು ಬಡಾವಣೆಗೆ ಹಂಚಿದರೆ ಸೈಟಿಗೆ ಬೀಳುವುದು ಅಲ್ಪ. ಸಿಬ್ಬಂದಿಯ ಕೊರತೆ ನಿಜವಾದರೆ ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಣ್ಣಿನ ಪ್ರಯೋಗಾಲಯಗಳಿವೆ, ಅವರ ನೆರವು ಕೇಳಿ. ನಿವಾಸಿಗಳು ನಾವೂ ಗುಂಡಿ ತೋಡಲು, ನೀರಿನ ಮಟ್ಟ ಬರೆದಿಡಲು ಸಿದ್ಧ ಇದ್ದೇವೆ.

ಈ ಪತ್ರಕ್ಕೆ ಬರೀ ಸ್ವೀಕೃತಿಯ ಚೀಟಿ ಬೇಡ. ಮುಂದಿನ ಬಡಾವಣೆಯ ಕಡತ ನಿಮ್ಮ ಮೇಜಿಗೆ ಬಂದಾಗ ಮಣ್ಣಿನ ವರದಿ ಕೇಳುತ್ತೀರಾ, ಇಲ್ಲವಾ, ಕೇಳದಿದ್ದರೆ ಯಾಕೆ, ಇಷ್ಟಕ್ಕೆ ಲಿಖಿತ ಉತ್ತರ ಕೊಡಿ. ನಿಮ್ಮ ಉತ್ತರವನ್ನು ನಮ್ಮ ಬಡಾವಣೆಯ ಎಲ್ಲರಿಗೂ ಓದಿ ಹೇಳುತ್ತೇನೆ.

ಇಂತಿ,
ಎರೆ ಮಣ್ಣಿನ ಸಾಲಿನ ಒಬ್ಬ ನಿವಾಸಿ